ಅಪರಾಧ ಕಾದಂಬರಿಯಲ್ಲಿ ಪ್ರೇತಕ್ಕೆ ಎಷ್ಟು ಗೊತ್ತಿರಬೇಕು?

ಪ್ರಶ್ನೆ: ಅರ್ಧಕರಡು

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಬರೆಯುತ್ತಿರುವ ಅಪರಾಧ ಕಾದಂಬರಿಯೊಂದರ ಎರಡನೆಯ ಕರಡನ್ನು ಕಳೆದ ತಿಂಗಳು ಮುಗಿಸಿ, ನಾನು ನಂಬುವ ಇಬ್ಬರು ಓದುಗರಿಗೆ ಕೊಟ್ಟಿದ್ದೆ. ಮೊದಲ ಮುಕ್ಕಾಲು ಭಾಗವನ್ನು ಎಡೆಬಿಡದೆ ಓದಿದೆವೆಂದು ಇಬ್ಬರೂ ಹೇಳಿದರು. ಇಬ್ಬರೂ ಒಂದೇ ಜಾಗದಲ್ಲಿ ಹಸ್ತಪ್ರತಿಯನ್ನು ಕೆಳಗಿಟ್ಟರು. ಆ ಜಾಗದ ಬಗ್ಗೆ ಇಲ್ಲಿರುವ ಓದುಗರ ಮತ್ತು ಬರಹಗಾರರ ಅಭಿಪ್ರಾಯ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಕಥೆ ಹೀಗಿದೆ. ಹಳೆಯ ಬಂಗಲೆಯೊಂದರ ಹಿತ್ತಲಿನ ಬಾವಿಯಲ್ಲಿ ಒಬ್ಬ ಹೆಂಗಸಿನ ಶವ ಸಿಗುತ್ತದೆ. ಆಕೆ ಆ ಮನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವಳು. ಕಾಲು ಜಾರಿ ಬಿದ್ದಳು, ತಲೆಯ ಹಿಂಭಾಗದ ಗಾಯ ಬಾವಿಯ ಕಲ್ಲು ತಗುಲಿ ಆದದ್ದು ಎಂದು ಮನೆಯವರೆಲ್ಲ ಹೇಳುತ್ತಾರೆ. ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಮಾತ್ರ ಅದನ್ನು ಒಪ್ಪದೆ ಬಂಗಲೆಯ ಒಂದು ಕೋಣೆಯಲ್ಲೇ ಉಳಿದುಕೊಳ್ಳುತ್ತಾರೆ. ಮೂರನೆಯ ರಾತ್ರಿಯಿಂದ ಹಿತ್ತಲಿನಿಂದ ಅವರ ಕೋಣೆಯ ಬಾಗಿಲವರೆಗೆ ಒದ್ದೆ ಹೆಜ್ಜೆಗಳು ಮೂಡತೊಡಗುತ್ತವೆ. ಎಲ್ಲವೂ ಎಡಗಾಲಿನವು, ಬಲಗಾಲಿನ ಗುರುತು ಒಂದೂ ಇಲ್ಲ. ಇನ್‌ಸ್ಪೆಕ್ಟರ್ ಮೊಣಕಾಲೂರಿ ಟಾರ್ಚು ಹಿಡಿದು ನೋಡಿದಾಗ ಹಿಮ್ಮಡಿಯ ಗುರುತಿನಲ್ಲಿ ನಿಂತ ನೀರಿನೊಳಗೆ ಪಾಚಿಯ ಒಂದು ಎಳೆ ಕಾಣುತ್ತದೆ. ಬೆರಳು ತಾಗಿಸುವಷ್ಟರಲ್ಲಿ ನೆಲ ಒಣಗಿರುತ್ತದೆ. ಬಲಗಾಲಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟಿದ್ದರು, ಹಗ್ಗ ಸಡಿಲಗೊಂಡು ಶವ ಮೇಲೆ ಬಂತು ಎಂಬುದು ಬಹಳ ತಡವಾಗಿ ತಿಳಿಯುತ್ತದೆ.

ಒಟ್ಟು 40 ಅಧ್ಯಾಯಗಳಿವೆ. 31ನೆಯ ಅಧ್ಯಾಯದಲ್ಲಿ ಆಕೆ ಇನ್‌ಸ್ಪೆಕ್ಟರ್ ಎದುರು ಕಾಣಿಸಿಕೊಂಡು ಕೊಲೆಗಾರನ ಹೆಸರು ಹೇಳುತ್ತಾಳೆ. ಉಳಿದ ಒಂಬತ್ತು ಅಧ್ಯಾಯಗಳಲ್ಲಿ ಅವನ ಬೆನ್ನಟ್ಟುವಿಕೆ ನಡೆಯುತ್ತದೆ. "ಹೇಳುವುದೇ ಆಗಿದ್ದರೆ ಮೊದಲ ರಾತ್ರಿಯೇ ಹೇಳಬಹುದಿತ್ತಲ್ಲ, ನಾನು 30 ಅಧ್ಯಾಯ ಸುಳಿವು ಹುಡುಕಿದ್ದು ಏತಕ್ಕೆ?" ಎಂದು ಓದುಗರಲ್ಲೊಬ್ಬರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹಾಕಿಕೊಟ್ಟ ಹತ್ತು ಕಟ್ಟಳೆಗಳಲ್ಲಿ ಎರಡನೆಯದೇ ಅತಿಮಾನುಷ ಶಕ್ತಿಗಳನ್ನು ಹೊರಗಿಡುತ್ತದೆ ಎಂಬುದು ನನಗೆ ಗೊತ್ತು. ಅದನ್ನು ಪಾಲಿಸಿ, ಹೆಜ್ಜೆಗಳೆಲ್ಲ ಮನೆಯವರಲ್ಲೊಬ್ಬರ ಕುತಂತ್ರವೆಂದು ತೋರಿಸಿ ಕಥೆ ಮುಗಿಸಬಹುದು. ಆದರೆ ಸತ್ತವರಿಗೂ ನ್ಯಾಯ ಕೇಳುವ ಹಕ್ಕಿದೆ ಎಂಬ ಭಾವನೆಯೇ ನನ್ನನ್ನು ಈ ಕಾದಂಬರಿಗೆ ಕೂರಿಸಿದ್ದು. ಆಕೆ ನಿಜವಾಗಿಯೂ ಬರುತ್ತಾಳೆ. ಅದನ್ನು ನಾನು ಬಿಟ್ಟುಕೊಡಲಾರೆ. ಆಕೆಯನ್ನು ಉಳಿಸಿಕೊಂಡೇ ತನಿಖೆಯ ಬೆಲೆ ಕೆಡದಂತೆ ಮಾಡುವುದು ಹೇಗೆ?

ಉತ್ತರ: ಹಳೆಯ ಓದುಗ

ನಿಮ್ಮ ಓದುಗರು ಒದ್ದೆ ಹೆಜ್ಜೆಗಳನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ ಎಂಬುದನ್ನು ಮೊದಲು ಗಮನಿಸಿ. ಪ್ರೇತವನ್ನು ನಂಬಲು ಅವರಿಗೆ ಕಷ್ಟವಾಗಲಿಲ್ಲ. ತಾವು ಇನ್‌ಸ್ಪೆಕ್ಟರ್ ಜೊತೆ ನಡೆದು, ಪ್ರತಿಯೊಬ್ಬರ ಮಾತನ್ನು ತೂಗಿ ನೋಡಿ, ಮನಸ್ಸಿನಲ್ಲೇ ಇಬ್ಬರನ್ನೋ ಮೂವರನ್ನೋ ಅನುಮಾನಿಸಿ ಪಟ್ಟ ಶ್ರಮ ಒಂದು ವಾಕ್ಯದಲ್ಲಿ ಬರಿದಾದದ್ದು ಅವರಿಗೆ ನೋವು ತಂದಿದೆ. ನಾನೂ ಓದುಗನಾಗಿ ಆ ನೋವನ್ನು ಹಲವು ಬಾರಿ ಉಂಡಿದ್ದೇನೆ, ಆದ್ದರಿಂದ ಅವರ ಪರವಾಗಿ ಮಾತಾಡುತ್ತಿದ್ದೇನೆ.

ಬೇತಾಳನ ಕಥೆಗಳನ್ನು ನೆನಪಿಸಿಕೊಳ್ಳಿ. ಹೆಣದೊಳಗೆ ಸೇರಿಕೊಂಡು ಹೆಗಲ ಮೇಲಿಂದ ಕಥೆ ಹೇಳುವ ಬೇತಾಳಕ್ಕಿಂತ ದೊಡ್ಡ ಅಲೌಕಿಕ ಪಾತ್ರ ಯಾವುದಿದೆ? ಆದರೂ ಅಲ್ಲಿ ನಮಗೆ ಮೋಸವಾಯಿತೆಂದು ಅನ್ನಿಸುವುದಿಲ್ಲ. ರಾಜ ಮಾತಾಡಿದರೆ ಬೇತಾಳ ಮರಕ್ಕೆ ಮರಳುತ್ತದೆ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಹೋಳಾಗುತ್ತದೆ ಎಂಬ ಷರತ್ತುಗಳು ಮೊದಲೇ ನಮ್ಮ ಕೈಗೆ ಬಂದಿರುತ್ತವೆ. ಕೊನೆಯ ಒಗಟಿಗೆ ಉತ್ತರ ಹೊಳೆಯದೆ ರಾಜ ಮೌನವಾಗಿ ನಡೆದಾಗ ಸಿಗುವ ಬಿಡುಗಡೆಯೂ ಆ ಷರತ್ತುಗಳ ಒಳಗಿನಿಂದಲೇ ಹುಟ್ಟುತ್ತದೆ. ನಿಮ್ಮ ಕರಡಿನಲ್ಲಿ ಆಕೆಗೆ ಯಾವ ಷರತ್ತೂ ಇಲ್ಲ. ಮೂರನೆಯ ರಾತ್ರಿ ಹೆಜ್ಜೆ ಮಾತ್ರ ಮೂಡಿಸಬಲ್ಲವಳು 31ನೆಯ ಅಧ್ಯಾಯದಲ್ಲಿ ಬಾಯಿಬಿಟ್ಟು ಹೆಸರು ಹೇಳಬಲ್ಲವಳಾದದ್ದು ಹೇಗೆ? ನಡುವೆ ಏನೂ ಬದಲಾಗಿಲ್ಲ. ಬರೆಯುವವರಿಗೆ ಕಥೆಯನ್ನು ಮುಂದೆ ತಳ್ಳಬೇಕಾಗಿತ್ತು, ಅಷ್ಟೆ.

ನನ್ನ ಸಲಹೆ ಇದು. ಸತ್ತವಳಿಗೆ ಉಸಿರು ನಿಲ್ಲುವವರೆಗೆ ಏನು ಗೊತ್ತಿತ್ತೋ ಅಷ್ಟೇ ಗೊತ್ತಿರಲಿ. ಸತ್ತ ಮಾತ್ರಕ್ಕೆ ಸರ್ವಜ್ಞೆಯಾಗಬೇಕಿಲ್ಲ. ಹೊಡೆತ ತಲೆಯ ಹಿಂಭಾಗಕ್ಕೆ ಬಿದ್ದಿದೆಯೆಂದು ನೀವೇ ಬರೆದಿದ್ದೀರಿ. ಅಂದಮೇಲೆ ಆಕೆ ಕೊಲೆಗಾರನ ಮುಖವನ್ನು ನೋಡಿಯೇ ಇಲ್ಲ. ಬೆನ್ನ ಹಿಂದೆ ಕೇಳಿದ ಒಂದು ಸದ್ದು, ಉದಾಹರಣೆಗೆ ಕೀಲಿಕೈ ಗೊಂಚಲಿನ ಸಣ್ಣ ಕಿಣಿಕಿಣಿ, ಆಕೆಯ ಜೊತೆ ಉಳಿದಿರಬಹುದು. ಇನ್‌ಸ್ಪೆಕ್ಟರ್‌ಗೆ ರಾತ್ರಿ ಕೇಳುವುದು ಅದೊಂದೇ ಸದ್ದಾದರೆ, ಆ ಮನೆಯಲ್ಲಿ ಯಾರ ಸೊಂಟದಲ್ಲಿ, ಯಾರ ಜೇಬಿನಲ್ಲಿ ಎಷ್ಟು ಕೀಲಿಗಳಿವೆ ಎಂದು ಹಗಲಿನಲ್ಲಿ ಹುಡುಕುವ ಕೆಲಸ ಅವರದೇ ಆಗಿ ಉಳಿಯುತ್ತದೆ, ನಮ್ಮದೂ ಆಗಿ ಉಳಿಯುತ್ತದೆ.

ಉತ್ತರ: ಪಾಟೀಸವಾಲು

ನಾನು ವಕೀಲಿ ವೃತ್ತಿಯಲ್ಲಿದ್ದೇನೆ. ಸತ್ತವರ ಮಾತು ನ್ಯಾಯಾಲಯದ ಬಾಗಿಲವರೆಗೆ ಬಂದ ಒಂದು ನಿಜವಾದ ಪ್ರಕರಣ ನಿಮಗೆ ಉಪಯೋಗವಾಗಬಹುದು.

1897ರ ಜನವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರೀನ್‌ಬ್ರಯರ್ ಕೌಂಟಿಯಲ್ಲಿ ಜೋನಾ ಹೀಸ್ಟರ್ ಶೂ ಎಂಬ ಯುವತಿ ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದಳು. ವೈದ್ಯರು ಬರುವ ಮೊದಲೇ ಗಂಡ ತಾನಾಗಿ ಶವಕ್ಕೆ ಬಟ್ಟೆ ತೊಡಿಸಿದ್ದ. ಕುತ್ತಿಗೆಯನ್ನು ಪೂರ್ತಿ ಮುಚ್ಚುವ ಎತ್ತರದ ಗಡುಸು ಕಾಲರ್ ಆ ಉಡುಪಿಗಿತ್ತು. ವೈದ್ಯರು ಕುತ್ತಿಗೆಯ ಕಡೆ ಕೈ ಒಯ್ದಾಗ ಅವನು ಸಿಟ್ಟಿಗೆದ್ದದ್ದರಿಂದ ಪರೀಕ್ಷೆ ಅರ್ಧಕ್ಕೇ ನಿಂತಿತು, ಸಹಜ ಸಾವೆಂದು ಬರೆದು ಶವವನ್ನು ಹೂಳಲಾಯಿತು. ಕೆಲವು ವಾರಗಳ ನಂತರ ಆಕೆಯ ತಾಯಿ ಮೇರಿ ಜೇನ್ ಹೀಸ್ಟರ್ ಅಭಿಯೋಜಕರ ಬಳಿ ಹೋಗಿ, ಮಗಳು ನಾಲ್ಕು ರಾತ್ರಿ ತನ್ನ ಬಳಿ ಬಂದು, ಗಂಡನೇ ಕುತ್ತಿಗೆ ಮುರಿದನೆಂದು ಹೇಳಿದಳು ಎಂದಳು. ಫೆಬ್ರುವರಿಯಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಕುತ್ತಿಗೆಯ ಮೂಳೆ ಮುರಿದಿತ್ತು, ಗಂಟಲಿನ ಮೇಲೆ ಬೆರಳಿನ ಗುರುತುಗಳಿದ್ದವು. ಅದೇ ವರ್ಷ ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು.

ಕಾದಂಬರಿಕಾರರಾದ ನೀವು ನೋಡಬೇಕಾದದ್ದು ವಿಚಾರಣೆ ನಡೆದ ರೀತಿಯನ್ನು. ತಾಯಿ ಸಾಕ್ಷಿಕಟ್ಟೆಗೆ ಬಂದಾಗ ಅಭಿಯೋಜಕರು ಪ್ರೇತದ ಮಾತನ್ನು ಎತ್ತಲೇ ಇಲ್ಲ. ಆಕೆಯನ್ನು ನಂಬಲಾಗದವಳೆಂದು ತೋರಿಸುವ ಆಸೆಯಿಂದ ಆರೋಪಿಯ ಪರ ವಕೀಲರೇ ಪಾಟೀಸವಾಲಿನಲ್ಲಿ ಅದನ್ನು ಕೆದಕಿದರು. ಆಕೆ ಎಳ್ಳಷ್ಟೂ ಕದಲದೆ ಉತ್ತರಿಸಿದಳು. ಪ್ರೇತ ಹೇಳಿದ್ದರಿಂದ ಗೋರಿ ತೆರೆಯಿತು ಎನ್ನುವುದಾದರೂ, ಗೋರಿಯೊಳಗಿನ ಮುರಿದ ಮೂಳೆ ಯಾರು ನೋಡಿದರೂ ಮುರಿದ ಮೂಳೆಯೇ. ಸತ್ತವಳು ದಿಕ್ಕು ತೋರಿಸಬಹುದು, ರುಜುವಾತು ಮಾತ್ರ ಬದುಕಿರುವವರ ಕೈಗೆ ಸಿಗುವ ವಸ್ತುವಾಗಿರಬೇಕು ಎಂಬುದನ್ನು ನಿಮ್ಮ ಕಾದಂಬರಿಯೂ ಪಾಲಿಸಿದರೆ ಓದುಗರ ದೂರು ಉಳಿಯುವುದಿಲ್ಲವೆಂದು ನನ್ನ ನಂಬಿಕೆ.

ಇನ್ನೂ ಒಂದು ಮಾತು. ನಿಮ್ಮ ಒಂಬತ್ತು ಅಧ್ಯಾಯಗಳ ಬೆನ್ನಟ್ಟುವಿಕೆಗಿಂತ ಹೆಚ್ಚು ಬಿಗಿಯಾದ ಸನ್ನಿವೇಶವೊಂದು ನಿಮ್ಮ ಕಥೆಯಲ್ಲೇ ಅಡಗಿದೆ. ಇನ್‌ಸ್ಪೆಕ್ಟರ್ ಒಂದು ನಿರ್ದಿಷ್ಟ ಜಾಗವನ್ನು ಶೋಧಿಸುತ್ತಾರೆ, ಪಂಚರ ಎದುರು ಮಹಜರು ಬರೆಸುತ್ತಾರೆ, ವಸ್ತುವನ್ನು ವಶಪಡಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ವಿಚಾರಣೆಯ ದಿನ ಎದುರು ವಕೀಲರು ಎದ್ದು ನಿಂತು, "ಇಷ್ಟು ದೊಡ್ಡ ಮನೆಯಲ್ಲಿ ಆ ಜಾಗವನ್ನೇ ಏಕೆ ನೋಡಿದಿರಿ? ಅಲ್ಲಿ ಏನಿದೆಯೆಂದು ನಿಮಗೆ ಮೊದಲೇ ಹೇಗೆ ಗೊತ್ತಿತ್ತು?" ಎಂದು ಕೇಳುತ್ತಾರೆ. ಪ್ರಮಾಣ ಮಾಡಿ ನಿಂತ ಮನುಷ್ಯ ನಿಜ ಹೇಳಿದರೆ, ಪ್ರೇತ ಕಂಡವರ ತನಿಖೆಯನ್ನು ಯಾರು ನಂಬುತ್ತಾರೆ? ಸುಳ್ಳು ಹೇಳಿದರೆ ಆ ಹೆಂಗಸಿಗೆ ನ್ಯಾಯ ಕೊಡಿಸಲು ಹೊರಟ ಅಧಿಕಾರಿಯೇ ಸುಳ್ಳುಸಾಕ್ಷಿಯಾಗುತ್ತಾನೆ. ಅಥವಾ ವಸ್ತುವನ್ನು ಪೊಲೀಸರೇ ತಂದಿಟ್ಟರೆಂಬ ಆರೋಪ ಬರುತ್ತದೆ, ಅದನ್ನು ಅಲ್ಲಗಳೆಯಲು ಅವರ ಬಳಿ ಏನೂ ಇರುವುದಿಲ್ಲ. ಆದ್ದರಿಂದ ಅವರು ರಾತ್ರಿ ತಿಳಿದದ್ದಕ್ಕೆ ಹಗಲಿನಲ್ಲಿ ಪ್ರತ್ಯೇಕವಾದ, ದಾಖಲೆಯಲ್ಲಿ ನಿಲ್ಲುವ ದಾರಿಯನ್ನು ಕಟ್ಟಿಕೊಳ್ಳಲೇಬೇಕು. ಆ ದಾರಿ ಕಟ್ಟುವ ಕೆಲಸವೇ ನಿಮ್ಮ ಕಾದಂಬರಿಯ ತನಿಖೆ.

1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ ಮಾಟ ಮಾಡಿದರೆಂಬ ಆರೋಪದ ಮೇಲೆ ನಡೆದ ವಿಚಾರಣೆಗಳನ್ನೂ ಮರೆಯಬೇಡಿ. ಆರೋಪಿಯ ರೂಪವೊಂದು ಬಂದು ತಮ್ಮನ್ನು ಹಿಂಸಿಸಿತು ಎಂಬ, ಹೇಳಿದವರ ಹೊರತು ಯಾರಿಗೂ ಕಾಣದ ಸಾಕ್ಷ್ಯಕ್ಕೆ ಅಲ್ಲಿ ಮನ್ನಣೆ ಸಿಕ್ಕಿತ್ತು. 19 ಜನರನ್ನು ನೇಣಿಗೇರಿಸಲಾಯಿತು. ಮರುವರ್ಷ ಹೊಸ ನ್ಯಾಯಾಲಯ ಅಂಥ ಸಾಕ್ಷ್ಯವನ್ನು ಬದಿಗಿಟ್ಟಾಗ ಉಳಿದವರಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಕಾಣದ ಲೋಕದ ಮಾತನ್ನು ನೇರವಾಗಿ ತೀರ್ಪಾಗಿಸಿದರೆ ಏನಾಗುತ್ತದೆ ಎಂಬ ಭಯ ನಿಮ್ಮ ಇನ್‌ಸ್ಪೆಕ್ಟರ್ ಎದೆಯಲ್ಲೂ ಇರಲಿ.

ಉತ್ತರ: ಅಂಚಿನ ಟಿಪ್ಪಣಿ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೂ ಪೂರ್ತಿ ಒಪ್ಪಲು ಮನಸ್ಸು ಬರುತ್ತಿಲ್ಲ. ಷರತ್ತು ಹಾಕುವುದು ಸರಿ, ಆದರೆ ಎಲ್ಲವನ್ನೂ ಷರತ್ತಿನಿಂದ ಬಿಗಿದರೆ ಪ್ರೇತ ಒಂದು ಉಪಕರಣವಾಗುತ್ತದೆ: ರಾತ್ರಿಯಾಯಿತು, ಸುಳಿವು ಬಂತು, ಬೆಳಗಾಯಿತು, ತನಿಖೆ ನಡೆಯಿತು. ಅಂಥ ಕಾದಂಬರಿಗಳಲ್ಲಿ ಐದನೆಯ ರಾತ್ರಿಯ ಹೊತ್ತಿಗೆ ಓದುಗನ ಮೈ ನಡುಗುವುದು ನಿಂತಿರುತ್ತದೆ. ನಿಮ್ಮ ಕರಡಿನಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು, ಬೆರಳು ತಾಗಿಸುವಷ್ಟರಲ್ಲಿ ಒಣಗಿಹೋದ ನೆಲ. ಅದಕ್ಕೆ ದಯವಿಟ್ಟು ಯಾವ ವಿವರಣೆಯನ್ನೂ ಕೊಡಬೇಡಿ.

ಎರಡನೆಯದು, ಆಕೆಗೆ ಕಡಿಮೆ ಗೊತ್ತಿದ್ದರೆ ಸಾಕೆಂದು ಹಳೆಯ ಓದುಗರು ಹೇಳಿದ್ದಾರೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ: ಆಕೆಗೆ ತಪ್ಪಾಗಿ ಗೊತ್ತಿರಲಿ. ಜಪಾನಿನ ಅಕುತಾಗವ 1922ರಲ್ಲಿ ಬರೆದ ಒಂದು ಸಣ್ಣಕಥೆಯಲ್ಲಿ ಒಂದೇ ಸಾವಿನ ಬಗ್ಗೆ ಮೂವರು ಮೂರು ಬಗೆಯ ತಪ್ಪೊಪ್ಪಿಗೆ ಕೊಡುತ್ತಾರೆ; ಅವರಲ್ಲಿ ಒಬ್ಬ, ಮಾಧ್ಯಮಗಿತ್ತಿಯೊಬ್ಬಳ ಬಾಯಿಂದ ಮಾತಾಡುವ, ಸತ್ತವನೇ. ಸತ್ತವನ ಮಾತು ಬಂದಮೇಲೂ ನಿಜ ಏನೆಂದು ತೀರ್ಮಾನವಾಗುವುದಿಲ್ಲ. ಸತ್ತವರು ಸುಳ್ಳು ಹೇಳಲಾರರು ಎಂದು ನಾವು ಏಕೋ ಊಹಿಸಿಕೊಂಡುಬಿಡುತ್ತೇವೆ. ನಿಮ್ಮ ಕಥೆಯ ಹೆಂಗಸು ಸುಳ್ಳು ಹೇಳಬೇಕಿಲ್ಲ, ಮನಸಾರೆ ತಪ್ಪು ತಿಳಿದುಕೊಂಡಿದ್ದರೆ ಸಾಕು. ಕೀಲಿಗೊಂಚಲಿನ ಸದ್ದು ಕೇಳಿದ ಕ್ಷಣ ಇಂಥವನೇ ಬಂದನೆಂದು ಅಂದುಕೊಂಡು ಸತ್ತವಳು, ಆ ನಂಬಿಕೆಯನ್ನೇ ಹೊತ್ತು ತಿರುಗುತ್ತಿದ್ದಾಳೆ. ಆ ಗೊಂಚಲು ಅಂದು ಇನ್ನೊಬ್ಬರ ಕೈಯಲ್ಲಿತ್ತು. ಆಗ ಇನ್‌ಸ್ಪೆಕ್ಟರ್ ಒಬ್ಬ ನಿರಪರಾಧಿಯನ್ನು ಸತ್ತವಳಿಂದಲೇ ಕಾಪಾಡಬೇಕಾಗುತ್ತದೆ, ಕಾಪಾಡಿದಮೇಲೆ ಆಕೆಗೆ ಅದನ್ನು ತಿಳಿಸಿ ಹೇಳಬೇಕಾಗುತ್ತದೆ. ಸತ್ತವರಿಗೆ ಬದುಕಿರುವವರು ನಿಜ ಹೇಳುವ ಆ ದೃಶ್ಯವನ್ನು ಓದಲು ನಾನಂತೂ ಕಾಯುತ್ತೇನೆ.

ಕೊನೆಯದಾಗಿ ಒಂದು ಪ್ರಶ್ನೆ. ಆಕೆಗೆ ಬೇಕಾಗಿರುವುದು ಏನು? ಕೊಲೆಗಾರನಿಗೆ ಶಿಕ್ಷೆ ಎಂದು ನೀವು ಹೇಳಬಹುದು, ಆದರೆ ಅದು ಪೊಲೀಸರಿಗೆ ಬೇಕಾದದ್ದು, ಓದುಗರಾದ ನಮಗೆ ಬೇಕಾದದ್ದು. ಅರ್ಧಕ್ಕೆ ಬದುಕು ಕಡಿದುಹೋದ ಮನುಷ್ಯರಿಗೆ ಬಿಟ್ಟುಬಂದ ಯಾವುದೋ ಸಣ್ಣ ಕೆಲಸ ಇದ್ದೇ ಇರುತ್ತದೆ. ಅದು ನಿಮಗೆ ಗೊತ್ತಾದರೆ ಹೆಜ್ಜೆಗಳು ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗುತ್ತದೆ.

ಉತ್ತರ: ಶವಪರೀಕ್ಷೆ

ವೈದ್ಯಕೀಯ ಅಂಶಗಳನ್ನು ಮಾತ್ರ ಸೇರಿಸುತ್ತೇನೆ. ಪ್ರೇತ ನಿಜವೆನಿಸಬೇಕಾದರೆ ಅದರ ಸುತ್ತ ಇರುವ ಶವ ನಿಜವಾಗಿರಬೇಕು.

ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕೆ ಇಳಿದು ಚರ್ಮದ ಮೇಲೆ ನೇರಳೆ ಬಣ್ಣದ ಕಲೆಗಳಾಗುತ್ತವೆ, ಸುಮಾರು 8ರಿಂದ 12 ಗಂಟೆಗಳಲ್ಲಿ ಅವು ಗಟ್ಟಿಯಾಗಿ ನಿಲ್ಲುತ್ತವೆ. ಆಕೆಯನ್ನು ಕೊಂದು ಅಂಗಾತ ಮಲಗಿಸಿ, ಮರುರಾತ್ರಿ ಬಾವಿಗೆ ಇಳಿಬಿಟ್ಟಿದ್ದರೆ ಬೆನ್ನಿನ ಮೇಲೆ ಕಲೆಗಳಿರುತ್ತವೆ. ಸತ್ತಕೂಡಲೇ ನೀರಿಗೆ ಬಿದ್ದ ಶವದಲ್ಲಿ ಹಾಗೆ ಕಾಣುವ ಸಂಭವ ಕಡಿಮೆ. ಜೀವವಿದ್ದಾಗ ನೀರಿಗೆ ಬಿದ್ದವರ ಶ್ವಾಸಕೋಶದ ಮೂಲಕ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ರಕ್ತಕ್ಕೆ ಸೇರಿ ಮೂಳೆಯ ಮಜ್ಜೆಯವರೆಗೂ ತಲುಪಬಹುದು. ಹೃದಯ ನಿಂತ ಮೇಲೆ ನೀರಿಗೆ ಹಾಕಿದರೆ ಅವುಗಳನ್ನು ಅಲ್ಲಿಗೆ ಸಾಗಿಸುವ ರಕ್ತಚಲನೆಯೇ ಇರುವುದಿಲ್ಲ. ಇದೊಂದೇ ಪರೀಕ್ಷೆಯನ್ನು ಕೊನೆಯ ಮಾತಾಗಿ ಯಾರೂ ಒಪ್ಪುವುದಿಲ್ಲ, ಉಳಿದ ಸಾಕ್ಷ್ಯದ ಜೊತೆ ಸೇರಿಸಿ ತೂಗುತ್ತಾರೆ. ಹಿಮ್ಮಡಿಯ ಗುರುತಿನಲ್ಲಿ ಪಾಚಿಯ ಎಳೆ ಬರೆದಿದ್ದೀರಲ್ಲ, ಬಾವಿಯ ನೀರಿನ ಮಾದರಿ ತೆಗೆಸಬೇಕೆಂದು ಇನ್‌ಸ್ಪೆಕ್ಟರ್‌ಗೆ ಹೊಳೆಯಲು ಅದೇ ಸಾಕು. ಅದನ್ನು ಅವರು ಯಾರಿಗೂ ವಿವರಿಸಬೇಕಾಗಿಲ್ಲ, ಏಕೆಂದರೆ ಬಾವಿಯಲ್ಲಿ ಶವ ಸಿಕ್ಕಾಗ ನೀರಿನ ಮಾದರಿ ಕೇಳುವುದು ಸಹಜವಾದ ಕ್ರಮ.

ಬಲಗಾಲಿಗೆ ಹಗ್ಗ ಕಟ್ಟಿದ್ದರ ಗುರುತು ಚರ್ಮದ ಮೇಲೆ ಉಳಿಯಬಹುದು. ನೀರಿನಲ್ಲಿ ನೆನೆದು ಪಾದದ ಚರ್ಮ ಬಿಳಚಿ ಸುಕ್ಕುಗಟ್ಟಿರುವುದರಿಂದ ಮೊದಲ ನೋಟಕ್ಕೆ ಅದು ತಪ್ಪಿಹೋಯಿತೆಂದು ಬರೆದರೆ ನಂಬುವಂತಿರುತ್ತದೆ.

ಪ್ರಶ್ನಿಸಿದವರ ಮರುನುಡಿ: ಅರ್ಧಕರಡು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ದಿನ ಹಸ್ತಪ್ರತಿಯನ್ನು ಮುಟ್ಟದೆ ನಿಮ್ಮ ಉತ್ತರಗಳನ್ನು ಮತ್ತೆ ಮತ್ತೆ ಓದಿ, 31ನೆಯ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿದ್ದೇನೆ. ಆಕೆ ಇನ್ನು ಯಾರ ಹೆಸರನ್ನೂ ಹೇಳುವುದಿಲ್ಲ. ಗೊಂಚಲಿನ ಸದ್ದು ಕೇಳಿಸುತ್ತದೆ, ಅದು ಬಂಗಲೆಯ ಯಜಮಾನರದೆಂದು ಆಕೆ ನಂಬಿದ್ದಾಳೆ, ಇನ್‌ಸ್ಪೆಕ್ಟರ್ ಕೂಡ ಬಹಳ ದೂರದವರೆಗೆ ಅದನ್ನೇ ನಂಬಿ ನಡೆಯುತ್ತಾರೆ. ಪಾಟೀಸವಾಲಿನ ದೃಶ್ಯವನ್ನು ಬರೆಯಲೇಬೇಕೆಂದು ತೀರ್ಮಾನಿಸಿದ್ದೇನೆ. ಅದಕ್ಕೆ ಮುನ್ನ ಅವರು ಶೋಧನೆಗೆ ಹಗಲಿನ ಕಾರಣವನ್ನು ಹೇಗೆ ಕಟ್ಟಿಕೊಂಡರೆಂಬುದಕ್ಕೆ ನಾಲ್ಕು ಅಧ್ಯಾಯ ಬೇಕಾಗಬಹುದು.

ಆಕೆಗೆ ಬೇಕಾಗಿರುವುದು ಏನು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲ ಕರಡನ್ನು ಹುಡುಕಿ ತೆಗೆದು ನೋಡಿದಾಗ, ನಾನೇ ಬರೆದು ಅನಗತ್ಯವೆಂದು ಹೊಡೆದುಹಾಕಿದ್ದ ಒಂದು ಪ್ಯಾರಾ ಸಿಕ್ಕಿತು. ಸಾಯುವ ಸಂಜೆ ಆಕೆ ಆ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ತಿಂಗಳ ಸಂಬಳವನ್ನು ಎಣಿಸಿ, ಲಕೋಟೆಗೆ ಹಾಕಿ, ಮೇಲೆ ಹೆಸರು ಮತ್ತು ತಾರೀಖು ಬರೆದು, ಬೆಳಿಗ್ಗೆ ಕೊಟ್ಟರಾಯಿತೆಂದು ಲೆಕ್ಕದ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಾಳೆ. ಆ ಹುಡುಗಿಗೆ ಸಂಬಳ ಸಿಗಲೇ ಇಲ್ಲ. ಸಾವಿನ ಗದ್ದಲದಲ್ಲಿ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಬಾಯಿಬಿಡಲಿಲ್ಲ. ಡ್ರಾಯರಿನ ಕೀಲಿ ಇರಬೇಕಾದದ್ದು ಲೆಕ್ಕದವಳ ಬಳಿ; ಶವದ ಮೇಲೆ ಅದು ಸಿಕ್ಕಿಲ್ಲ, ಈಗ ಬೇರೊಬ್ಬರ ಗೊಂಚಲಿನಲ್ಲಿದೆ. ಕೆಲಸದ ಹುಡುಗಿ ಬಾಕಿ ಸಂಬಳ ಕೇಳಿ ಒಂದು ಅರ್ಜಿ ಕೊಟ್ಟರೆ ಸಾಕು, ಆ ಡ್ರಾಯರನ್ನು ತೆರೆಸಲು ಇನ್‌ಸ್ಪೆಕ್ಟರ್‌ಗೆ ಯಾವ ನ್ಯಾಯಾಲಯದಲ್ಲೂ ಹೇಳಬಹುದಾದ ಕಾರಣ ಸಿಗುತ್ತದೆ.

ಹೆಜ್ಜೆಗಳು ಬಾವಿಯ ಕಡೆಯಿಂದ ಬಂದು ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ನಿಲ್ಲುತ್ತವೆ ಎಂದು ಎರಡನೆಯ ಕರಡಿನಲ್ಲಿ ಬರೆದಿದ್ದೆ. ನಿನ್ನೆ ರಾತ್ರಿ ಆ ಪುಟವನ್ನು ತಿದ್ದಿದೆ. ಈಗ ಅವು ಅವರ ಬಾಗಿಲ ಮುಂದೆ ಒಂದು ಕ್ಷಣವೂ ತಡೆಯದೆ ಹಾದುಹೋಗಿ, ಲೆಕ್ಕದ ಕೋಣೆಯನ್ನು ಹೊಕ್ಕು, ಮೇಜಿನ ಎದುರು ನಿಲ್ಲುತ್ತವೆ.